ಕರ್ನಲ್ ಸಾಹೇಬರಿಗೊಂದು ಎಲೆ

ಹಿರಿಯರ ಹಬ್ಬಕ್ಕೆ ಎರಡು ದಿನ ಇರುವಾಗ ಅಡುಗೆಮನೆಯ ಗೂಡುಗಳನ್ನು ತೊಳೆಯುವುದು ನನ್ನ ಪದ್ಧತಿ. ಡಬ್ಬಿ ಇಳಿಸಿ, ಹಾಸಿದ ಕಾಗದ ತೆಗೆದು, ಕಲ್ಲು ಒರೆಸಿ, ಹೊಸ ಕಾಗದ ಹಾಸುತ್ತೇನೆ. ತೀರ ಕೆಳಗಿನ ಗೂಡನ್ನು ಮಾತ್ರ ಮೇಲಿಂದ ಮೇಲೆ ಒರೆಸಿ ಬಿಡುವುದು. ಸೋಮಾರಿತನ ಅನ್ನಬೇಡಿ. ಅಲ್ಲಿಯ ಕಾಗದವನ್ನು ನಾನೇ ಮೈದಾ ಅಂಟು ಬಳಿದು ಕೂರಿಸಿದ್ದೆ, ಏಳುತ್ತಿರಲಿಲ್ಲ. ಸರಿ, ಸ್ವಲ್ಪ ಸೋಮಾರಿತನವೂ ಇತ್ತು ಅನ್ನಿ. ಈ ವರ್ಷ ಮಳೆನೀರು ಗೋಡೆಗೆ ಇಳಿದು ಅಂಟು ಬಿಟ್ಟಿತ್ತು. ಬೆಲ್ಲದ ಡಬ್ಬಿ ಎತ್ತಿದರೆ ತಳಕ್ಕೆ ಕಚ್ಚಿಕೊಂಡು ಕಾಗದವೂ ಎದ್ದು ಬಂತು.

ನೋಡಿ ಬೆಚ್ಚಿಬಿದ್ದೆ. ಎರಡೂ ಅಂಚಿಗೆ ಸಾಲು ತೂತು ಇರುವ, ಬೀಸಣಿಗೆಯಂತೆ ಮಡಿಕೆ ಮಡಿಕೆಯಾದ ಉದ್ದ ಕಾಗದ. ಅದರ ಮೇಲೆ ಮಾಸಿದ ಇಂಗ್ಲಿಷ್ ಸಾಲುಗಳು. ಒಂದೊಂದು ಸಾಲಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ, ಮುಂದಕ್ಕೆ ಬಾಗಿದ ಅಕ್ಷರದಲ್ಲಿ: ಬೇಡ. ಬೇಡ. ಬೇಕು. ಬೇಡ. ನಮ್ಮ ಮನೆಯವರ ಕೈಬರಹ. ಅವರು ಶಿವನ ಪಾದ ಸೇರಿ ಆರು ವರ್ಷವಾಯಿತು. ಹೋದವರ ಅಕ್ಷರ ಬೆಲ್ಲದ ಡಬ್ಬಿಯ ತಳದಲ್ಲಿ ಸಿಕ್ಕರೆ ಎದೆ ಏನಾಗಬೇಕು ಹೇಳಿ? ನಾನು ಅಲ್ಲೇ ಕೂತುಬಿಟ್ಟೆ. ಒಂದು ಪುಣ್ಯ, ಡಬ್ಬಿ ಕೈಜಾರಲಿಲ್ಲ.

ಅದು ಕರ್ನಲ್ ಸಾಹೇಬರ ಪಂಕ್ತಿಯ ಪಟ್ಟಿ. ಹಾಗೆಂದರೆ ನಿಮಗೆ ತಿಳಿಯಲಿಕ್ಕಿಲ್ಲ. ನನಗೂ ಆಗ ತಿಳಿದಿರಲಿಲ್ಲ. ಮೊದಲಿಂದ ಹೇಳುತ್ತೇನೆ, ನಡುವೆ ಎಲ್ಲಿಗಾದರೂ ಹೋದರೆ ಕರೆದುಕೊಂಡು ಬನ್ನಿ.

ನಾನು ಗೋವಿನಕೋವಿಯವಳು, ಅವರು ಉಬ್ರಾಣಿಯವರು. ಎಪ್ಪತ್ತರ ದಶಕದಲ್ಲಿ ಮದುವೆ. ಗಂಡು ಮೇಷ್ಟ್ರು ಎಂದು ಹೇಳಿದವರು ‘ಹಂಗಾಮಿ’ ಎನ್ನುವ ಪದವನ್ನು ಮಾತ್ರ ನುಂಗಿಕೊಂಡಿದ್ದರು. ಹಂಗಾಮಿ ಎಂದರೆ ಏನೆಂದು ಮೊದಲ ಏಪ್ರಿಲ್‌ನಲ್ಲಿ ಗೊತ್ತಾಯಿತು. ಪರೀಕ್ಷೆ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆಯುತ್ತಿದ್ದರು. ಜೂನ್‌ನಲ್ಲಿ ಮತ್ತೆ ಬರೆದರೆ ಬರೆದರು, ಇಲ್ಲದಿದ್ದರೆ ಬೇರೆ ಊರು. ಹೀಗೆ ಜಗಳೂರಾಯಿತು. ಅಲ್ಲಿ ನೀರಿಗೆ ಕೊಡ ಸಾಲಿಟ್ಟು ಕಾಯುವಾಗ ಸಾಲಿನಲ್ಲೇ ಕಣ್ಣುಮುಚ್ಚಿ ಜಪ ಮುಗಿಸುವುದನ್ನು ಕಲಿತೆ, ಅದೂ ಒಂದು ಲಾಭವೇ. ಆಮೇಲೆ ಚನ್ನಗಿರಿ, ಅಡಿಕೆ ಮಂಡಿಯ ಮೇಲಿನ ಕೋಣೆ. ದೇವರಿಗೆ ಹಚ್ಚಿದ ಊದುಬತ್ತಿಗಿಂತ ಕೆಳಗಿನ ಗೋಣಿಚೀಲದ ವಾಸನೆಯೇ ಮುಂದೆ. ಆಮೇಲೆ ನ್ಯಾಮತಿ. ಆಮೇಲೆ ಹೊನ್ನಾಳಿ.

ಎಲ್ಲಾ ಮನೆಗಳಲ್ಲೂ ಒಂದೇ ಷರತ್ತು: ಗೋಡೆಗೆ ಮೊಳೆ ಹೊಡೆಯಬಾರದು. ತವರಿನಿಂದ ತಂದ ವೀರಭದ್ರ ದೇವರ ಪಟ ಹದಿಮೂರು ವರ್ಷ ಬಿಸ್ಕತ್ತಿನ ದೊಡ್ಡ ಡಬ್ಬಿಗೆ ಒರಗಿಕೊಂಡೇ ಇತ್ತು. ಊರು ಬದಲಾಯಿಸುವಾಗ ಅದೇ ಡಬ್ಬಿಯೊಳಗೆ ಮಲಗುತ್ತಿತ್ತು. ನನಗೆ ಒಡವೆ ಬೇಕು, ರೇಷ್ಮೆ ಬೇಕು ಅನಿಸಿದ್ದಿಲ್ಲ. ಸುಳ್ಳು, ರೇಷ್ಮೆ ಒಮ್ಮೆ ಅನಿಸಿತ್ತು. ಆದರೆ ಗೋಡೆಗೊಂದು ಮೊಳೆ ಹೊಡೆದು ದೇವರನ್ನು ನೇತುಹಾಕಿ, ಇನ್ನು ಇಲ್ಲಿಂದ ಏಳುವುದಿಲ್ಲ ಅಂತ ಹೇಳಬೇಕು ಎನ್ನುವ ಆಸೆ ಮಾತ್ರ ನನ್ನನ್ನು ಬಿಡಲಿಲ್ಲ.

ಹೊನ್ನಾಳಿಯಲ್ಲಿ ಸಿಕ್ಕಿದ್ದು ಹಾಲಮ್ಮನವರ ಮನೆ. ಈಗಲೂ ಅದೇ ಮನೆಯಲ್ಲಿದ್ದೇನೆ. ಹಾಲಮ್ಮನವರು ಪಕ್ಕದ ಭಾಗದಲ್ಲೇ ಇದ್ದರು. ಅರವತ್ತರ ವಿಧವೆ, ಹಣೆತುಂಬ ವಿಭೂತಿ, ಬಾಯಿತುಂಬ ಎಲೆಅಡಿಕೆ. ಮನೆಗೆ ಒಂದು ದೇವರಕೋಣೆ ಇತ್ತು! ಕಿಟಕಿಯಿಲ್ಲದ, ತಂಪಾದ, ಚಿಕ್ಕ ಕೋಣೆ. ನಮಗೆ ಬಾಡಿಗೆಮನೆಯಲ್ಲಿ ದೇವರಿಗೆ ಬೇರೆ ಕೋಣೆ ಸಿಕ್ಕಿದ್ದು ಅದೇ ಮೊದಲು. ಮೂರು ತಿಂಗಳು ಅಲ್ಲಿ ಪೂಜೆ ಮಾಡಿದೆ. ನಾಲ್ಕನೇ ತಿಂಗಳು ಬಾಗಿಲಿಗೆ ಲಾರಿ ಬಂತು.

ಅವರಾಗ ಊರಿನ ಹೊಸ ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಒಂದು ಬೇಸಿಗೆ ಆರು ವಾರ ಕಂಪ್ಯೂಟರ್ ಕಲಿತು ಬಂದಿದ್ದರು. ಲಾರಿಯಲ್ಲಿ ಇದ್ದದ್ದು ಬೆಂಗಳೂರಿನವರು ಬಳಸಿ ಹಳತಾಯಿತೆಂದು ಕೊಟ್ಟ ಯಂತ್ರ. ವರ್ಕ್‌ಸ್ಟೇಷನ್ ಅನ್ನುತ್ತಿದ್ದರು. ಟ್ರಂಕಿನಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಟೀವಿಯಂಥದ್ದು, ಪಕ್ಕಕ್ಕೆ ಕಿರಗುಟ್ಟುವ ಪ್ರಿಂಟರು. ಕಾಲೇಜಿನ ಕೋಣೆಗೆ ಇನ್ನೂ ಸೂರು ಹಾಕಿರಲಿಲ್ಲ. ‘ನಿಮ್ಮ ಮನೇಲೇ ಇರಲಿ ಮೇಷ್ಟ್ರೆ’ ಎಂದಿದ್ದರಂತೆ ಪ್ರಿನ್ಸಿಪಾಲರು.

‘ಎಲ್ಲಿ ಇಡ್ತೀರಿ?’ ಎಂದೆ.

‘ದೂಳು ಬರಬಾರದು. ಬಿಸಿಲು ಬೀಳಬಾರದು. ತಂಪಿರಬೇಕು,’ ಎಂದು ಮನೆಯೆಲ್ಲಾ ಸುತ್ತಿ ದೇವರಕೋಣೆಯ ಮುಂದೆ ನಿಂತರು.

‘ರೀ!’

‘ಒಂದು ತಿಂಗಳು ಕಣೆ. ದೇವರು ಎಲ್ಲಾ ಕಡೆ ಇರ್ತಾನೆ. ಈ ಮಶೀನು ಹಂಗಲ್ಲ, ಎಲ್ಲಾ ಕಡೆ ಇರಾಕೆ ಆಗಲ್ಲ.’

ವೀರಭದ್ರ ದೇವರು ಬಿಸ್ಕತ್ತಿನ ಡಬ್ಬಿ ಸಮೇತ ಅಡುಗೆಮನೆಯ ಗೂಡಿಗೆ ಬಂದರು, ಒಗ್ಗರಣೆ ಘಾಟಿನ ನಡುವೆ. ಯಂತ್ರ ದೇವರ ಮಣೆಯ ಮೇಲೆ ಕೂತಿತು.

ಅದು ಚಾಲೂ ಆಗಲೇಬೇಕಿತ್ತು. ಮಹಾನವಮಿಗೆ ಮುಂಚೆ ಬೆಂಗಳೂರಿನಿಂದ ತನಿಖೆಯವರು ಬರುವವರಿದ್ದರು. ಯಂತ್ರ ಅವರ ಕಣ್ಣೆದುರು ನಕ್ಷೆ ಬಿಡಿಸಿ ತೋರಿಸಿದರೆ ಕಂಪ್ಯೂಟರ್ ವಿಭಾಗಕ್ಕೆ ಅನುಮತಿ. ಅನುಮತಿ ಸಿಕ್ಕರೆ ನಮ್ಮವರ ಕೆಲಸ ಕಾಯಂ. ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಕೆಂಪು ಗೆರೆ, ಮತ್ತೆ ಗಂಟುಮೂಟೆ. ಹಾಗಾಗಿ ನಾನೂ ಮಾತಾಡದೆ ಯಂತ್ರಕ್ಕೆ ವಿಭೂತಿ ಹಚ್ಚಿ ಕೈಮುಗಿದೆ. ‘ಗಾಳಿ ಹೋಗೋ ತೂತಿಗೆ ಬೂದಿ ಬೀಳಿಸ್ಬೇಡ!’ ಎಂದು ಕೂಗಿದರು. ಅದೇ ಮೊದಲ ಆಶೀರ್ವಾದ.

ಆ ಮೇಲಿನ ದಿನಗಳಲ್ಲಿ ನನ್ನ ಕಿವಿಗೆ ಬಿದ್ದ ಮಾತುಗಳನ್ನು ಈಗ ನೆನೆದರೂ ಮೈ ಜುಂ ಎನ್ನುತ್ತದೆ. ಅವರಿಗೆ ಕೆಲಸ ಮಾಡುವಾಗ ಗಟ್ಟಿಯಾಗಿ ಹೇಳಿಕೊಳ್ಳುವ ಚಾಳಿ. ನಾನು ಅಡುಗೆಮನೆಯಲ್ಲಿ ದೇವರ ಜೊತೆ ಮಾತಾಡಿದರೆ ಮಾತ್ರ ‘ಯಾರ ಜೊತೆ ಮಾತಾಡ್ತೀಯೆ ಗಿರಿಜ, ಅಲ್ಲಿ ಯಾರಿದಾರೆ?’ ಎಂದು ನಗುತ್ತಿದ್ದರು. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೇನೆ, ದೇವರಕೋಣೆಯಿಂದ ಕೇಳಿಸಿತು: ‘ಮೂರು ಡೀಮನ್ ಓಡಾಡ್ತಿದಾವೆ. ಎರಡು ಸಾಕು. ಒಂದನ್ನ ಕೊಲ್ತೀನಿ.’

ಡೀಮನ್ ಎಂದರೇನು ಎಂದು ಮಗಳು ಶೋಭಾಳನ್ನು ಕೇಳಿದೆ. ಆಗ ಆರನೇ ಕ್ಲಾಸು. ಅವಳು ಡಿಕ್ಷನರಿ ತೆಗೆದು, ಬೆರಳಿಟ್ಟು ಹುಡುಕಿ, ಮುಖ ಬಿಳಿ ಮಾಡಿಕೊಂಡು ಹೇಳಿದಳು: ‘ದೆವ್ವ, ಅಮ್ಮಾ.’

ರೊಟ್ಟಿ ಸೀದುಹೋಯಿತು. ದೇವರಕೋಣೆಯಲ್ಲಿ ಮೂರು ದೆವ್ವ! ಅದೂ ‘ಎರಡು ಸಾಕು’ ಅಂತೆ! ಮಾರನೆಯ ದಿನ ‘ಅಪ್ಪನನ್ನು ಕೊಂದರೆ ಮಕ್ಕಳು ಅನಾಥ ಆಗ್ತವೆ, ಮೊದಲು ಮಕ್ಕಳನ್ನ ಕೊಲ್ಲಬೇಕು’ ಎಂದು ತಣ್ಣಗೆ ಹೇಳಿಕೊಂಡರು. ಇರುವೆ ತುಳಿದರೂ ‘ಶಿವಶಿವಾ’ ಎನ್ನುವ ಮನುಷ್ಯ! ನಾನು ಶೋಭಾಳನ್ನು ನಾಲ್ಕು ದಿನ ಆ ಕೋಣೆಯ ಕಡೆ ಬಿಡಲಿಲ್ಲ.

ಇದೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಕರ್ನಲ್ ಸಾಹೇಬರ ವಿಷಯ.

‘ಹಳೇ ಕರ್ನಲ್ ಭಾಳ ದಪ್ಪ ಐತೆ,’ ಎಂದರು ಒಂದು ದಿನ ಊಟಕ್ಕೆ ಕೂತು. ‘ಅದೇ ಎಲ್ಲಾ ಜಾಗ ತಿಂದುಬಿಡ್ತೈತೆ. ಭಾನುವಾರ ಮಧ್ಯಾಹ್ನ ಹೊಸ ಕರ್ನಲ್ ಬರ್ತೈತೆ. ಮನೇಲಿ ಯಾವ ಗದ್ದಲಾನೂ ಬೇಡ.’

ನನ್ನ ಕೈಯ ಸೌಟು ಅಲ್ಲೇ ನಿಂತಿತು. ಮಿಲಿಟರಿ ಕರ್ನಲ್ ನಮ್ಮ ಮನೆಗೆ! ಅದಕ್ಕಿಂತ ಗಾಬರಿಯಾದದ್ದು ಆ ‘ಬರ್ತೈತೆ’ ಕೇಳಿ. ಎಮ್ಮೆ ಬರುತ್ತದೆ, ಬಸ್ಸು ಬರುತ್ತದೆ. ದೇಶ ಕಾಯುವ ದೊಡ್ಡ ಅಧಿಕಾರಿ ಬರುತ್ತದೆಯೇ?

‘ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡ್ರಿ,’ ಎಂದೆ.

‘ಯಾರಿಗೆ?’

‘ಕರ್ನಲ್‌ಗೆ!’

‘ಹೂಂ, ಹೂಂ. ಸಾರು ಹಾಕು,’ ಎಂದರು. ಅವರ ಕಿವಿ ನನ್ನ ಕಡೆ ಇತ್ತು, ತಲೆ ಇರಲಿಲ್ಲ. ಹದಿಮೂರು ವರ್ಷದಲ್ಲಿ ನನ್ನ ಅಡುಗೆಯನ್ನು ಒಂದು ದಿನ ಚೆನ್ನಾಗಿದೆ ಅಂದವರಲ್ಲ, ಚೆನ್ನಾಗಿಲ್ಲ ಅಂದವರೂ ಅಲ್ಲ. ಅದನ್ನೂ ನಾನು ಪುಣ್ಯದ ಲೆಕ್ಕಕ್ಕೇ ಹಾಕಿಕೊಂಡಿದ್ದೆ.

ತನಿಖೆಗೆ ಬರುವವರಲ್ಲಿ ಮುಖ್ಯರು ಈ ಕರ್ನಲ್ ಇರಬೇಕು ಎಂದು ನಾನೇ ತೀರ್ಮಾನಿಸಿದೆ. ಹಾಲಮ್ಮನವರಿಗೆ ಹೇಳಿದೆ. ಹಾಲಮ್ಮನವರಿಗೆ ಹೇಳುವುದೂ ಬಸ್‌ಸ್ಟ್ಯಾಂಡಿನಲ್ಲಿ ಡಂಗುರ ಹೊಡೆಸುವುದೂ ಒಂದೇ.

‘ಮಿಲ್ಟ್ರಿಯೋರು ಮಾಂಸ ತಿಂತಾರಂತಲ್ಲವ್ವ ಗಿರಿಜಮ್ಮ,’ ಎಂದರು ಅವರು, ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ. ‘ನಮ್ಮ ಮನ್ಯಾಗೆ ಅದೆಲ್ಲ ನಡೆಯಾಕಿಲ್ಲ, ಮೊದಲೇ ಹೇಳೀನಿ.’

‘ಹೋಳಿಗೆ ಮಾಡ್ತೀನಿ ಅಮ್ಮ. ತಿಂದ್ರೆ ತಿನ್ನಲಿ.’

‘ಮತ್ತೆ ಬೂಟು? ಅವರು ಮಲಗಾಕೂ ಬೂಟು ಬಿಚ್ಚಲ್ಲಂತೆ!’

ಬೂಟಿನ ಮಾತು ನನಗೂ ಗೊತ್ತಿತ್ತು. ನಮ್ಮವರು ಎರಡು ದಿನದಿಂದ ‘ಕರ್ನಲ್ ಬೂಟ್ ಆಗಬೇಕು, ಬೂಟ್ ಆದರೆ ಸಾಕು’ ಎಂದು ಜಪಿಸುತ್ತಿದ್ದರು. ಹಾಗಾಗಿ ಭಾನುವಾರ ಹೊಸ್ತಿಲ ಹೊರಗೆ ಬೂಟು ಬಿಚ್ಚಿಡಲು ಒಂದು ಮಣೆ, ಕಾಲು ತೊಳೆಯಲು ತಂಬಿಗೆ ನೀರು ಇಟ್ಟೆ. ಹೋಳಿಗೆ, ಮುಳಗಾಯಿ ಪಲ್ಯ, ಕೋಸಂಬರಿ, ಹಪ್ಪಳ. ಕರ್ನಲ್ ಎಂದ ಮೇಲೆ ಹಿಂದೆಮುಂದೆ ಜನ ಇರುವುದಿಲ್ಲವೇ? ಜೀಪಿನ ಡ್ರೈವರು, ಬಂದೂಕು ಹಿಡಿದವರು, ಫೈಲು ಹಿಡಿದವರು. ನಮ್ಮ ನಡುಮನೆಯಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೂ, ಹದಿನಾಲ್ಕು ಬಾಳೆಎಲೆ ಹಾಸಿದೆ. ಗೋಡೆಯಿಂದ ಗೋಡೆಗೆ ಎಲೆ. ನೀರು ಚಿಮುಕಿಸಿ, ತುದಿಗೆ ಉಪ್ಪು ಬಡಿಸಿ, ತಲೆತುಂಬ ಸೆರಗು ಹೊದ್ದು ನಾನೂ ಹಾಲಮ್ಮನವರೂ ಬಾಗಿಲಲ್ಲಿ ನಿಂತೆವು. ಬೀದಿಯ ಆಚೆ ಏಳೆಂಟು ಮಂದಿ ಜೀಪು ನೋಡಲು ನಿಂತಿದ್ದರು.

ಆಗ ಒಳಗಿನಿಂದ ನಮ್ಮವರು ಕೂಗಿದರು: ‘ಬಂತು! ಬಂತು ಕಣೆ, ಕರ್ನಲ್ ಬಂತು!’

ನಾವಿಬ್ಬರೂ ತಿರುಗಿದೆವು. ಹಾಲಮ್ಮನವರ ಬಾಯಿಂದ ಎಲೆಅಡಿಕೆ ಬಿದ್ದಿತು. ‘ಎಲ್ಲಿಂದ ಬಂದ್ರವ್ವ? ಹಿತ್ತಲಿಂದ್ಲಾ?’

‘ದೇವರಕೋಣೇಲಿ ಬೂಟ್ ಆಗ್ತೈತೆ, ಬಂದು ನೋಡ್ರಿ!’

‘ದೇವರಕೋಣ್ಯಾಗೆ ಬೂಟಾ?’ ಹಾಲಮ್ಮನವರು ಗೋಡೆ ಹಿಡಿದುಕೊಂಡರು.

ಅಷ್ಟರಲ್ಲಿ ನಮ್ಮವರ ದನಿ ಕುಸಿಯಿತು. ‘ಅಯ್ಯೋ, ಹೋಯ್ತು. ಪ್ಯಾನಿಕ್ ಆಯ್ತು. ಕರ್ನಲ್ ಸತ್ತೇ ಹೋಯ್ತು.’

ಮನೆಗೆ ಬಂದ ಅತಿಥಿ, ಎಲೆ ಹಾಸಿಟ್ಟ ಮನೆಯಲ್ಲಿ, ಊಟಕ್ಕೆ ಮೊದಲೇ! ‘ಶಿವನೇ, ನೀರಾದ್ರೂ ಕೊಟ್ರೇನ್ರೀ?’ ಎಂದು ತಂಬಿಗೆ ಎತ್ತಿಕೊಂಡು ಓಡಿದೆ. ಕೋಣೆಯಲ್ಲಿ ನಮ್ಮವರು ಒಬ್ಬರೇ, ತಲೆ ಮೇಲೆ ಕೈಹೊತ್ತು. ಎದುರಿಗೆ ನಿಂತುಹೋದ ಯಂತ್ರ.

‘ಕರ್ನಲ್ ಎಲ್ಲಿ?’

‘ಇದರೊಳಗೆ.’

ಅದಾದ ಮೇಲೆ ನಡೆದದ್ದನ್ನು ಬರೆಯಲು ಇವತ್ತಿಗೂ ನಾಚಿಕೆ. ನಾನು ತಂಬಿಗೆ ಹಿಡಿದು ಪೆಟ್ಟಿಗೆಯ ಹಿಂದೆ ಇಣುಕಿ ನೋಡಿದೆ. ಅವರು ನನ್ನನ್ನು ನೋಡಿದರು, ತಂಬಿಗೆ ನೋಡಿದರು, ಎದ್ದು ಬಂದು ನಡುಮನೆಯ ಎಲೆಗಳನ್ನು ನೋಡಿದರು. ಆ ಮನುಷ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕದ್ದನ್ನು ನಾನು ಕಂಡದ್ದು ಆವತ್ತೇ. ಕರ್ನಲ್ ಎಂದರೆ ತಿರುಳಂತೆ. ಯಂತ್ರದ ಒಳಗಿನ ಯಜಮಾನನಂಥ ಒಂದು ಲೆಕ್ಕಾಚಾರ, ಮಿಕ್ಕ ಕೆಲಸವೆಲ್ಲ ಅದರ ಕೈಕೆಳಗೆ. ಬೂಟ್ ಎಂದರೆ ಯಂತ್ರ ನಿದ್ದೆಯಿಂದ ಏಳುವುದು. ದೆವ್ವಗಳು, ಕೊಲ್ಲಬೇಕೆಂದಿದ್ದ ಅಪ್ಪ ಮಕ್ಕಳು, ಎಲ್ಲ ಯಂತ್ರದೊಳಗಿನ ಮನೆಗೆಲಸದವರಂತೆ. ನಾನು ಹೂಂ ಅಂದೆ. ನಂಬಿಕೆ ಬರಲಿಲ್ಲ.

ಹಾಲಮ್ಮನವರು ಮಾತ್ರ ಬೀದಿಯವರಿಗೆ ಸತ್ಯ ಹೇಳಲು ಒಪ್ಪಲಿಲ್ಲ. ‘ಸಾಹೇಬ್ರಿಗೆ ಅರ್ಜೆಂಟ್ ಬುಲಾವ್ ಬಂತು, ಹೋದ್ರು,’ ಎಂದು ಹೇಳಿ ಮನೆಯ ಮಾನ ಉಳಿಸಿದರು. ಹೋಳಿಗೆಯನ್ನು ಜೀಪು ನೋಡಲು ಬಂದವರೇ ಕೂತು ತಿಂದರು.

ನಾವು ಉಣ್ಣುವ ಹೊತ್ತಿಗೆ ನಮ್ಮವರು ಒಂದು ಖಾಲಿ ಎಲೆ ತೋರಿಸಿ ಹೇಳಿದರು: ‘ಗಿರಿಜ, ನಮ್ಮ ಕಷ್ಟ ಇದೇ ನೋಡು. ಆ ಹಳೇ ಕರ್ನಲ್ ಮಾಡಿದೋರು ಯಾವ ಮನೆಗೆ ಯಾರು ಬರ್ತಾರೋ ಗೊತ್ತಿಲ್ಲ ಅಂತ ಎಲ್ಲಾರಿಗೂ ಎಲೆ ಹಾಸಿದಾರೆ. ಆ ಬಗೆ ಡಿಸ್ಕಿಗೆ ಒಂದು, ಈ ಬಗೆ ಟೇಪಿಗೆ ಒಂದು, ನಮ್ಮ ಹತ್ರ ಇಲ್ಲದ್ದಕ್ಕೆಲ್ಲ ಒಂದೊಂದು. ಮೊದಲು ಜಾಗ ಇತ್ತು, ನಡೀತಿತ್ತು. ಲಾರಿ ಕುಲುಕಾಟಕ್ಕೆ ಎರಡು ಮೆಮೊರಿ ಹಲಗೇಲಿ ಒಂದು ಸತ್ತೋಗೈತೆ. ಈಗ ನಡುಮನೆ ಅರ್ಧ ಆಯ್ತು. ಎಲೆ ಹಾಸಿದ ಮೇಲೆ ನಕ್ಷೆ ಬಿಡಿಸೋನು, ಅಂದ್ರೆ ಆ ಪ್ರೋಗ್ರಾಮು, ಕೂರಾಕೆ ಜಾಗ ಇಲ್ಲ.’

‘ಬರದೇ ಇರೋರ ಎಲೆ ತೆಗೆದುಬಿಡ್ರಿ,’ ಎಂದೆ.

‘ಅದನ್ನೇ ಮಾಡ್ತಿರೋದು. ಯಾರು ಬಂದಿದಾರೆ ಅಂತ ಊಹೆ ಮೇಲೆ ತೆಗೆದೆ. ಬಂದೋರ ಎಲೆನೇ ಹೋಯ್ತು. ಅದಕ್ಕೇ ಸತ್ತಿದ್ದು.’

‘ಊಹೆ ಯಾಕೆ? ಬಾಗಿಲು ತೆಗೆದು ಎಣಿಸಿ ನೋಡ್ರಿ.’

ಮಾರನೆಯ ದಿನ ಅವರು ಪಟ್ಟಿಯನ್ನು ಆ ತೂತಿನ ಕಾಗದದ ಮೇಲೆ ಅಚ್ಚು ಹಾಕಿಸಿದರು. ಯಂತ್ರದ ಬೆನ್ನು ಬಿಚ್ಚಿದರು. ಏಳನೇ ಕ್ಲಾಸು ಓದಿದ ನಾನು ಒಂದೊಂದೇ ಇಂಗ್ಲಿಷ್ ಅಕ್ಷರ ಕೂಗುವುದು, ಅವರು ಟಾರ್ಚು ಬಿಟ್ಟು ಒಳಗೆ ಹುಡುಕುವುದು. ‘ಬಂದಿದಾನಾ?’ ಎಂದು ನಾನು ಕೇಳಿದರೆ ‘ಇಲ್ಲ’ ಎಂದು ಪಕ್ಕದಲ್ಲಿ ಬೇಡ ಬರೆಯುವರು. ಆಮೇಲೆ ಬೇಡವಾದ ಸಾಲುಗಳ ಮುಂದೆ ಯಂತ್ರದಲ್ಲಿ ಒಂದು ಗೀಟುಗೀಟಿನ ಗುರುತು ಒತ್ತಿದರೆ ಆ ಸಾಲು ಇದ್ದೂ ಇಲ್ಲದಂತೆ. ಆ ಗುರುತು ನೋಡಿದಾಗ ನನಗೆ ಹಾಜರಿ ಪುಸ್ತಕದ ಕೆಂಪು ಗೆರೆ ನೆನಪಾಯಿತು.

‘ಹಳೇ ಕರ್ನಲ್‌ನ ಎಸೆದುಬಿಡ್ತೀರಾ?’ ಎಂದೊಮ್ಮೆ ಕೇಳಿದೆ.

‘ಬೇರೆ ಹೆಸರಲ್ಲಿ ಇಟ್ಟಿದೀನಿ. ಹೊಸದು ಕೆಟ್ಟರೆ ಅದೇ ಗತಿ.’

ಹೆಪ್ಪಿಗೆ ಒಂದು ಚಮಚ ಮೊಸರು ಎತ್ತಿಟ್ಟ ಹಾಗೆ. ಅಷ್ಟು ಬುದ್ಧಿ ಇದೆಯಲ್ಲ ಎಂದು ನೆಮ್ಮದಿಯಾಯಿತು.

ಪಟ್ಟಿಯ ಕೊನೆಗೆ ಒಂದಿಷ್ಟು ಸಾಲುಗಳು ಬೇರೆ ಥರ ಇದ್ದವು. ಮೊದಲ ಪದವನ್ನು ನಾನು ಹೇಗೆ ಕೂಗಿದರೂ ನಾಲಿಗೆ ಹೊರಳಲಿಲ್ಲ. ಬರೆಯುವಾಗ ‘ಪ’ಕಾರ, ಹೇಳುವಾಗ ‘ಸೂಡೋ’. ಶೋಭಾ ಡಿಕ್ಷನರಿ ನೋಡಿ ‘ಹುಸಿ, ಸುಳ್ಳು’ ಎಂದಳು.

‘ಇವೆಲ್ಲ ಹುಸಿ ಸಾಧನ,’ ಎಂದರು ಅವರು, ಬೆವರು ಒರೆಸಿಕೊಂಡು. ‘ಪೆಟ್ಟಿಗೇಲಿ ಎಲ್ಲಿ ಹುಡುಕಿದ್ರೂ ಸಿಗಲ್ಲ. ತೆಗಿ, ತೆಗಿ. ಜಾಗ ಆಗ್ತೈತೆ.’ ಅವೆಲ್ಲಕ್ಕೂ ಬೇಡ ಬಿತ್ತು.

ಪಟ್ಟಿ ತಿದ್ದಿದ ಮೇಲೆ ಹೊಸ ಕರ್ನಲ್ ಬೇಯಬೇಕು. ಅವರು ಬೇಯುವುದು ಎನ್ನಲಿಲ್ಲ, ನಾನೇ ಅಂದುಕೊಂಡದ್ದು. ಬೆಳಿಗ್ಗೆ ಎಂಟಕ್ಕೆ ಇಟ್ಟರೆ ಮಧ್ಯಾಹ್ನ ಮೂರರವರೆಗೆ ಯಂತ್ರ ಒಳಗೊಳಗೇ ಗುರುಗುಟ್ಟುತ್ತದೆ. ನಡುವೆ ಕರೆಂಟು ಹೋದರೆ ಮೊದಲಿಂದ. ಮೊದಲ ದಿನ ಹನ್ನೊಂದಕ್ಕೆ ಹೋಯಿತು. ಎರಡನೇ ದಿನ ಎರಡೂವರೆಗೆ, ಇನ್ನರ್ಧ ಗಂಟೆ ಇರುವಾಗ! ಅವರು ಮೆಟ್ಟಿಲ ಮೇಲೆ ಕೂತು ಕರೆಂಟಿನವರ ವಂಶವನ್ನೆಲ್ಲ ನೆನೆದರು. ಮೂರನೇ ದಿನ ನಾನು ವೀರಭದ್ರ ದೇವರಿಗೆ ತುಪ್ಪದ ದೀಪ ಹಚ್ಚಿ, ಹಾಲಮ್ಮನವರು ನಂದಿ ಮೂರ್ತಿಗೆ ತೆಂಗಿನಕಾಯಿ ಹರಕೆ ಹೊತ್ತು, ಮನೆಯ ಎಲ್ಲಾ ದೀಪ ಆರಿಸಿ ಕೂತೆವು. ದೀಪ ಆರಿಸಿದರೆ ಊರಿನ ಕರೆಂಟು ಉಳಿಯುತ್ತದೆ ಎಂದು ಹಾಲಮ್ಮನವರ ಲೆಕ್ಕ. ಉಳಿಯಿತು ನೋಡಿ! ಮೂರು ಗಂಟೆಗೆ ಹೊಸ ಕರ್ನಲ್ ಎದ್ದಿತು. ಸಾಯಲಿಲ್ಲ. ತೆರೆಯ ಮೇಲೆ ಹಾಜರಿ ಕೂಗಿದಂತೆ ಒಂದೊಂದೇ ಸಾಲು ಬಂತು: ಡಿಸ್ಕ್ ಇದೆ, ಟೇಪ್ ಇದೆ. ನಾನು ಕೈಮುಗಿದೆ.

ಆದರೆ ನಕ್ಷೆ ಮೂಡಬೇಕಾದ ಚೌಕ, ಅವರ ಮಾತಿನಲ್ಲಿ ‘ಕಿಟಕಿ’, ತೆರೆಯಲಿಲ್ಲ.

ತೆರೆ ಖಾಲಿ. ಕಾದರೂ ಖಾಲಿ. ಕೂರಲು ಬೇಕಾದಷ್ಟು ಜಾಗ ಆಗಿದೆ, ಕೂರುವವನೇ ಬರುತ್ತಿಲ್ಲ. ಮೂರು ದಿನ ಅವರು ತಲೆ ಚಚ್ಚಿಕೊಂಡರು. ತನಿಖೆಗೆ ಎರಡೇ ದಿನ ಉಳಿದಾಗ ಬೆಳಿಗ್ಗೆ ಅವರು ಮಂಚದ ಕೆಳಗಿನಿಂದ ಗೋಣಿಚೀಲ ಎಳೆದು, ದೂಳು ಕೊಡವಿ, ಗೋಡೆಗೆ ಒರಗಿಸಿಟ್ಟರು. ಪಾತ್ರೆ ಕಟ್ಟುವ ಚೀಲ. ಅದನ್ನು ಕಂಡಾಗ ನನಗಾದ ಆಘಾತ ದೆವ್ವಕ್ಕೂ ಆಗಿರಲಿಲ್ಲ, ಕರ್ನಲ್ ಸತ್ತಾಗಲೂ ಆಗಿರಲಿಲ್ಲ.

ಆವತ್ತೇ ಹಿರಿಯರ ಹಬ್ಬ. ಅಳುತ್ತಾ ಅಡುಗೆ ಮಾಡಬಾರದು ಅನ್ನುತ್ತಾರೆ, ಈರುಳ್ಳಿ ಹೆಚ್ಚಿದೆ. ಮಧ್ಯಾಹ್ನ ಗೋಡೆಯ ಪಕ್ಕ ಹಿರಿಯರಿಗೆ ಎಲೆ ಹಾಸಿ, ಎಡೆ ಬಡಿಸಿ, ಅವರ ತಂದೆಗೆ, ಅಜ್ಜನಿಗೆ, ನನ್ನ ಅತ್ತೆಗೆ ಹೆಸರು ಹಿಡಿದು ‘ಬರ್ರಿ, ಉಣ್ರಿ’ ಎಂದು ಕರೆದೆ. ಅತ್ತೆಗೆ ಖಾರ ಆಗದು, ‘ಇವತ್ತು ಕಡಿಮೆ ಹಾಕೀನಿ ಅತ್ತಿ’ ಎಂದೂ ಹೇಳಿದೆ.

ನಮ್ಮವರು ತಮ್ಮ ಎಲೆಯ ಮುಂದೆ ಸಪ್ಪಗೆ ಕೂತಿದ್ದರು. ‘ಯಾರೂ ಇಲ್ಲದ ಎಲೆಗೆ ಇಷ್ಟೊಂದು ಬಡಿಸ್ತೀಯಲ್ಲ,’ ಎಂದರು. ಕೀಟಲೆಗಲ್ಲ, ಬೇಸರಕ್ಕೆ.

ನನಗೆ ರೇಗಿತು. ‘ಕಾಣದಿದ್ರೆ ಇಲ್ಲ ಅಂತಾನಾ? ಈ ಎಲೆ ಹಾಕದೆ ನಮ್ಮ ಎಲೆಗೆ ಯಾವತ್ತಾದ್ರೂ ಬಡಿಸೀನಾ? ನೀವು ದಿನಾ ಕೇಳ್ತೀರಲ್ಲ, ಯಾರ ಜೊತೆ ಮಾತಾಡ್ತೀಯ ಅಂತ. ನನ್ನ ಜೊತೆ ನಾನೇ ಮಾತಾಡ್ಕೊಳ್ಳದಿದ್ರೆ ಬೆಳಿಗ್ಗೆ ಏಳಾಕೂ ಆಗ್ತಿರ್ಲಿಲ್ಲ ನನಗೆ!’

ಅವರ ತುತ್ತು ಬಾಯಿಯ ಹತ್ತಿರ ನಿಂತಿತು. ಎಲೆಯನ್ನೇ ನೋಡಿದರು. ನಿಧಾನವಾಗಿ ತುತ್ತು ಇಳಿಸಿ, ಎಂಜಲು ಕೈಯಲ್ಲೇ ಎದ್ದು ದೇವರಕೋಣೆಗೆ ಓಡಿದರು. ಹಿರಿಯರ ಎಡೆಯ ಮುಂದೆ ಊಟ ಬಿಟ್ಟು ಎದ್ದ ಮನುಷ್ಯನ ಪರವಾಗಿ ನಾನೇ ಕೈಮುಗಿದು ತಪ್ಪಾಯಿತೆಂದೆ.

‘ಲೂಪ್!’ ಎಂದು ಒಳಗಿಂದ ಕೂಗಿದರು. ‘ಗಿರಿಜ, ಲೂಪ್ ತೆಗೆದುಬಿಟ್ಟಿದೀನಿ ಕಣೆ!’

ಹುಸಿ ಸಾಧನಗಳಲ್ಲಿ ಲೂಪ್ ಎನ್ನುವುದೊಂದಂತೆ. ಯಂತ್ರ ತನ್ನ ಜೊತೆ ತಾನೇ ಮಾತಾಡುವ ದಾರಿ. ಹೊರಗೆ ತಂತಿ ಇಲ್ಲ, ಒಳಗೆ ಹುಡುಕಿದರೆ ಸಿಗುವುದಿಲ್ಲ. ನಕ್ಷೆ ಬಿಡಿಸುವವನು ಆ ದಾರಿಯಲ್ಲೇ ಕರ್ನಲ್‌ನನ್ನು ಕರೆಯುತ್ತಾನೆ. ದಾರಿ ಕಿತ್ತುಹಾಕಿದ್ದೆವು, ಅವನು ಮೂರು ದಿನದಿಂದ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಇದನ್ನು ನಾನು ಹೇಳಿಕೊಟ್ಟೆ ಎಂದು ನಿಮ್ಮ ಮುಂದೆ ಜಂಬ ಪಡುವುದಿಲ್ಲ. ನಾನು ಬೈದದ್ದು ಅತ್ತೆಯ ಎಡೆಗಾಗಿ.

ಮಾರನೆಯ ದಿನ ಮತ್ತೆ ಏಳು ಗಂಟೆ ಬೇಯಿಸಿದರು. ಕರೆಂಟು ಹೋಗಲಿಲ್ಲ. ಹಾಲಮ್ಮನವರ ಹರಕೆ ಎರಡು ಕಾಯಿಗೆ ಏರಿತ್ತು. ತನಿಖೆಯವರು ಇಬ್ಬರು, ಬರೀ ಚಪ್ಪಲಿಯಲ್ಲಿ ಬಂದರು. ಹಾಲಮ್ಮನವರಿಗೆ ಸ್ವಲ್ಪ ನಿರಾಸೆಯೇ ಆಯಿತು. ನಾನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿ, ತಟ್ಟೆ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಯಂತ್ರ ಹಾಜರಿ ಕೂಗಿತು. ಕಿಟಕಿ ತೆರೆಯಿತು. ಕಪ್ಪು ತೆರೆಯ ಮೇಲೆ ಬಿಳಿ ಗೆರೆಗಳು ಒಂದರ ಹಿಂದೆ ಒಂದು ಬಂದು ಸೇತುವೆಯ ಚಿತ್ರವಾಯಿತು. ಆಗ ಒಳಗೆ ಹೋಗಿ ತಟ್ಟೆಯನ್ನು ಅವರ ಮುಂದಿಟ್ಟೆ.

ಕಾಯಂ ಆದೇಶ ಸಂಕ್ರಾಂತಿಯ ಹೊತ್ತಿಗೆ ಬಂತು. ಯಂತ್ರ ಕಾಲೇಜಿಗೆ ಹೋಯಿತು. ಹಾಲಮ್ಮನವರು ಸುತ್ತಿಗೆ ಹಿಡಿದು ತಾವಾಗಿಯೇ ಬಂದು, ‘ಎಲ್ಲಿ ಹೊಡಿಬೇಕು ತೋರ್ಸವ್ವ’ ಎಂದರು. ಮೊಳೆ ಮೊದಲ ಏಟಿಗೆ ಬಾಗಿತು, ಎರಡನೆಯದು ನಿಂತಿತು. ವೀರಭದ್ರ ದೇವರು ಇವತ್ತಿಗೂ ಅದೇ ಮೊಳೆಯ ಮೇಲಿದ್ದಾರೆ. ಆ ಪಟ್ಟಿಯ ತೂತಿನ ಕಾಗದವನ್ನು ಬಿಚ್ಚಿ ಓದದೆ, ಅಕ್ಷರದ ಬದಿ ಕೆಳಗೆ ಮಾಡಿ ನಾನು ಗೂಡಿಗೆ ಅಂಟಿಸಿಬಿಟ್ಟೆ. ಒಳ್ಳೆ ದಪ್ಪ ಕಾಗದ, ಎಸೆಯಲು ಮನಸ್ಸಾಗಲಿಲ್ಲ.

ನಮ್ಮವರು ಆ ಎಡೆಯ ಮಾತನ್ನು ಮತ್ತೆ ಎತ್ತಲಿಲ್ಲ. ಅಡುಗೆಮನೆಯಲ್ಲಿ ಯಾರ ಜೊತೆ ಮಾತಾಡ್ತೀಯ ಎಂದು ಕೇಳುವುದನ್ನು ಬಿಟ್ಟರು, ಅಷ್ಟೆ. ನಾನು ಅದನ್ನೇ ದೊಡ್ಡ ಪುಣ್ಯವೆಂದು ಎಣಿಸಿಕೊಂಡು ಬಂದೆ.

ಮೊನ್ನೆ ನಾನು ಆ ಕಾಗದ ಹಿಡಿದು ಕೂತಿದ್ದಾಗ, ಹಬ್ಬಕ್ಕೆ ಬಂದಿರುವ ಶೋಭಾ ಹಿಂದೆ ನಿಂತು, ‘ಅಮ್ಮಾ, ಅದನ್ನ ಬಿಸಾಕು, ಜಿರಲೆ ಮೊಟ್ಟೆ ಇಟ್ಟಿದಾವೆ’ ಎಂದಳು. ಕೊನೆಯ ಮಡಿಕೆ ಇನ್ನೂ ಕಲ್ಲಿಗೆ ಅಂಟಿತ್ತು, ಅಕ್ಷರದ ಬದಿ ಕೆಳಗಾಗಿ. ಅವಳೇ ಒದ್ದೆ ಬಟ್ಟೆ ಇಟ್ಟು ನೆನೆಸಿ, ನಿಧಾನವಾಗಿ ಎಬ್ಬಿಸಿದಳು. ಹುಸಿ ಸಾಧನಗಳ ಸಾಲುಗಳು ಅದರಲ್ಲಿದ್ದವು. ಪಕ್ಕದಲ್ಲಿ ಬೇಡ, ಬೇಡ, ಬೇಡ. ಲೂಪ್ ಸಾಲಿನ ಪಕ್ಕದ ಬೇಡವನ್ನು ಹೊಡೆದುಹಾಕಿ, ಅದೇ ಮುಂದಕ್ಕೆ ಬಾಗಿದ ಅಕ್ಷರದಲ್ಲಿ ಬೇರೆ ಏನೋ ಬರೆದಿತ್ತು. ಶೋಭಾ ಓದಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು.

‘ಗಿರಿಜ. ಇದನ್ನು ತೆಗೆಯಬಾರದು.’

ಇಷ್ಟು ವರ್ಷ ಅದರ ಮೇಲೆ ಬೆಲ್ಲದ ಡಬ್ಬಿ ಇಟ್ಟು ಎತ್ತಿದ್ದೇನೆ. ಅವರು ಅದೇ ಗೂಡಿನ ಮುಂದೆ ಕೂತು ದಿನಾ ಉಂಡಿದ್ದಾರೆ.

ಇವತ್ತು ಹಬ್ಬ. ಎಲೆ ಹಾಸಿದ್ದಾಯಿತು, ಅತ್ತೆಗೆ, ಮಾವನಿಗೆ, ಹಾಲಮ್ಮನವರಿಗೆ, ಈಗ ಆರು ವರ್ಷದಿಂದ ಅವರಿಗೂ. ಹೋಳಿಗೆ ಬಡಿಸಿ ತುಪ್ಪ ಹಾಕಿದೆ. ಹೆಸರು ಹಿಡಿದು ಕರೆಯಲಿಲ್ಲ, ಗಂಡನ ಹೆಸರು ಬಾಯಲ್ಲಿ ಹೇಳಿ ಅಭ್ಯಾಸವಿಲ್ಲ. ಎಲೆಯ ಮುಂದೆ ಕೂತೆ. ಆಮೇಲೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ:

‘ಅಲ್ರೀ, ಇದನ್ನ ಒಂದ್ಸಲ ಬಾಯಿಬಿಟ್ಟು ಹೇಳಾಕೆ ಏನಾಗಿತ್ತು ನಿಮಗೆ?’